ದೊರೆಯ ನೆರಳಿಗೆ ಮೀಸೆ ತರಿಸಿದ ಕಮ್ಮಟ

ಒಂದಾನೊಂದು ಊರಿನಲ್ಲಿ ಒಂದೇ ಒಂದು ಬೀದಿ ಇತ್ತು. ಬೀದಿ ಒಂದೇ ಆದರೂ ಊರು ಎರಡಾಗಿತ್ತು. ಅದು ಹೇಗೆ ಅಂತ ಈಗಲೇ ಕೇಳಬೇಡಿ, ಹೇಳುತ್ತೇನೆ. ಮೊದಲು ಹತ್ತಿರ ಬಂದು ಕೂತುಕೊಳ್ಳಿ. ಹೂಂಗುಟ್ಟುವವರು ಮುಂದೆ, ಆಕಳಿಸುವವರು ಹಿಂದೆ.

ಊರಿನ ಹೆಸರು ಎಡಬಲಪುರ. ಬೀದಿಯ ಎಡಸಾಲಿನಲ್ಲಿ ಬಣ್ಣದವರು ಇದ್ದರು. ಚಿತ್ರ ಬರೆಯುವವರು, ಗೊಂಬೆ ಮಾಡುವವರು, ರಂಗೋಲಿ ಹಾಕುವವರು. ಬಲಸಾಲಿನಲ್ಲಿ ಲೆಕ್ಕದವರು. ಅಳೆಯುವವರು, ತೂಗುವವರು, ಸೂರ್ಯನನ್ನು ನೋಡಿ ಹೊತ್ತು ಹೇಳುವವರು. ಎರಡು ಸಾಲಿಗೂ ಮಾತಿರಲಿಲ್ಲ. ಯಾಕೆ? ಯಾವುದೋ ಕಾಲದಲ್ಲಿ ಚಂದ್ರ ಮೂಡಿದಾಗ ಎಡದವರು 'ಆಹಾ, ತಂಪಾಗಿದಾನೆ' ಅಂದರಂತೆ. ಬಲದವರು 'ಬಹಳ ದೂರ ಇದಾನೆ' ಅಂದರಂತೆ. ಅಷ್ಟೇ. ಅವತ್ತಿನಿಂದ ಈ ಸಾಲಿನವರು ಆ ಸಾಲಿಗೆ ಹೋಗಿ ಮೊಸರಿಗೆ ಹೆಪ್ಪು ಕೂಡ ಕೇಳಲಿಲ್ಲ.

ಈ ಇಬ್ಬರ ನಡುವೆ ಸಿಕ್ಕಿಹಾಕಿಕೊಂಡವನು ದೊರೆ ಬಿಂಕರಾಯ. ಪಾಪ, ಅವನು ಕತ್ತು ತಿರುಗಿಸುವಂತಿರಲಿಲ್ಲ. ಎಡಕ್ಕೆ ತಿರುಗಿದರೆ 'ದೊರೆ ನಮಗೆ ಮುಖ ತಿರುಗಿಸಿದ' ಅಂತ ಬಲದವರು ಊರು ಬಿಡಲು ಗಂಟುಮೂಟೆ ಕಟ್ಟುತ್ತಿದ್ದರು. ಬಲಕ್ಕೆ ತಿರುಗಿದರೆ ಎಡದವರು ಕಟ್ಟುತ್ತಿದ್ದರು. ಅದಕ್ಕೇ ಎಡಬಲಪುರದ ದೊರೆ ಹುಟ್ಟಿದಾಗಿನಿಂದ ನೆಟ್ಟಗೆ ಮುಂದಕ್ಕೇ ನೋಡಬೇಕು ಅಂತ ಕಟ್ಟಳೆ. ಮೆರವಣಿಗೆ ಹೊರಟರೆ ಬೀದಿಯ ಕೊನೆಯವರೆಗೂ ಮುಂದಕ್ಕೆ ಹೋಗುವುದು. ಅಲ್ಲಿ ತಿರುಗುವಂತಿಲ್ಲವಲ್ಲ, ಹಿಂದಕ್ಕೆ ಹಿಂದಕ್ಕೆ ನಡೆದು ಅರಮನೆ ಸೇರುವುದು. ಆನೆಗೂ ಅದೇ ರೂಢಿಯಾಗಿಹೋಗಿತ್ತು.

ಬಿಂಕರಾಯನಿಗೆ ರಾಜ್ಯದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಇದ್ದ ಪ್ರೀತಿಯೆಲ್ಲ ಮೀಸೆಯ ಮೇಲೆ. ಒಳ್ಳೆ ಪೊದೆಯ ಹಾಗೆ ಮುಂದಕ್ಕೆ ಚಾಚಿದ ಮೀಸೆ. ಅದನ್ನು ಓರಣವಾಗಿ ಇಡುವ ಕೆಲಸ ಅರಮನೆಯ ಕ್ಷೌರಿಕ ಕೆಂಚಣ್ಣನದು. ಕೆಂಚಣ್ಣನ ಹತ್ತಿರ ಒಂದು ಕ್ಷೌರದ ಕತ್ತಿ ಇತ್ತು. ಅದರ ಹೆಸರು ಚೂಪಮ್ಮ. ಅವನ ಅಜ್ಜನ ಕಾಲದಿಂದ ಬಂದವಳು. ಕೆಂಚಣ್ಣನ ಅಪ್ಪನ ಮೊದಲ ಗಡ್ಡ, ಕೆಂಚಣ್ಣನ ಮೊದಲ ಗಡ್ಡ, ಎರಡನ್ನೂ ಹೆರೆದವಳು ಅವಳೇ. ಹಾಗಾಗಿ ಅವನನ್ನು ಬಾಯಿಗೆ ಬಂದ ಹಾಗೆ ಬಯ್ಯುವ ಹಕ್ಕು ಅವಳಿಗಿತ್ತು.

ಕತ್ತಿ ಮಾತಾಡುತ್ತದಾ ಅಂತ ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಅಲ್ಲ ಸ್ವಾಮಿ, ಆಯಸ್ಸೆಲ್ಲ ಊರವರ ಬಾಯಿಯ ಪಕ್ಕದಲ್ಲೇ ಕಳೆದ ಮೇಲೆ ಯಾರಿಗೆ ತಾನೇ ಮಾತು ಬರುವುದಿಲ್ಲ? ಕೆಂಚಣ್ಣನಿಗೆ ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಮನೆಗೆ ಹೋದರೆ 'ಉಂಡೆಯೇನೋ' ಅಂತ ಕೇಳುವವಳು ಚೂಪಮ್ಮ ಒಬ್ಬಳೇ.

ಹೀಗಿರುವಾಗ ಒಂದು ದಿನ ಅರಮನೆಯ ಮುಂದಿನ ಗೋಡೆಗೆ ಸುಣ್ಣ ಬಳಿದರು. ಮರುದಿನ ಬೆಳಿಗ್ಗೆ ಬಿಂಕರಾಯ ಹೊರಗೆ ಬಂದು ನಿಂತ. ಸೂರ್ಯ ಬೆನ್ನ ಹಿಂದೆ, ಗೋಡೆ ಕಣ್ಣ ಮುಂದೆ. ಬೆಳ್ಳನೆ ಗೋಡೆಯ ಮೇಲೆ ಕರ್ರನೆ ನೆರಳು. ದೊರೆ ನೆರಳನ್ನು ನೋಡಿದ. ಮುಂಡಾಸು ಇತ್ತು. ಕಿವಿ ಇತ್ತು. ಕೆನ್ನೆ ಬೇಕಾದಷ್ಟು ಇತ್ತು. ಮೀಸೆ ಇರಲಿಲ್ಲ.

"ಅಯ್ಯಯ್ಯೋ! ನಮ್ಮ ನೆರಳು ಮೀಸೆ ಬೋಳಿಸಿಕೊಂಡಿದೆ!"

ಮಂತ್ರಿ ಓಡಿ ಬಂದ. ನೋಡಿದ. ಹಣೆ ಚಚ್ಚಿಕೊಂಡ. "ಮಹಾಸ್ವಾಮಿ, ನಮ್ಮೂರಲ್ಲಿ ಯಾರು ಮೀಸೆ ಬೋಳಿಸಿಕೊಳ್ಳೋದು? ಪಣ ಕಟ್ಟಿ ಸೋತವರು. ಅಂದರೆ ನಿಮ್ಮ ನೆರಳು ಯಾರ ಹತ್ತಿರವೋ ಪಣ ಕಟ್ಟಿ ಸೋತಿದೆ."

"ಏನನ್ನು ಪಣ ಇಟ್ಟಿತ್ತು?"

"ಅದು ನೆರಳಿಗೇ ಗೊತ್ತು. ರಾಜ್ಯವನ್ನೇ ಇಟ್ಟಿದ್ದರೆ?"

ದೊರೆ ನೆರಳನ್ನು ಕೇಳಿದ. ನೆರಳು ಉತ್ತರ ಕೊಡಲಿಲ್ಲ. ನೋಡಿದರೆ ಅದಕ್ಕೆ ಬಾಯಿಯೂ ಇರಲಿಲ್ಲ. "ಬಾಯನ್ನೂ ಸೋತಿದೆ!" ಅಂತ ದೊರೆ ಅಲ್ಲೇ ಕುಸಿದ. ರಾಜ್ಯ ತನ್ನದೋ ಅಲ್ಲವೋ ಇತ್ಯರ್ಥವಾಗುವ ತನಕ ಸಿಂಹಾಸನದ ಮೇಲೆ ಕೂರುವುದಿಲ್ಲ ಅಂತ ಹೇಳಿ ಅದರ ಪಕ್ಕದಲ್ಲಿ ನೆಲಕ್ಕೆ ಕೂತ. ಮಂತ್ರಿ ದೊರೆಗಿಂತ ಕೆಳಗೆ ಕೂರಬೇಕಲ್ಲ, ಅವನಿಗಾಗಿ ಒಂದು ಗುಂಡಿ ತೋಡಿದರು.

ಮುಂದಿನ ಪ್ರಶ್ನೆ, ಬೋಳಿಸಿದವರು ಯಾರು? ಊರಲ್ಲಿ ಕತ್ತಿ ಇದ್ದದ್ದು ಒಬ್ಬನ ಹತ್ತಿರ. ಕೆಂಚಣ್ಣನನ್ನು ಎಳೆತಂದರು.

"ನಾನಲ್ಲ ಬುದ್ಧೀ" ಅಂದ ಕೆಂಚಣ್ಣ. "ನೆರಳಿಗೆ ನೊರೆ ಹಚ್ಚಿದ್ದೇ ಇಲ್ಲ."

"ನೀನಲ್ಲದಿದ್ದರೆ ನಿನ್ನ ಕತ್ತಿ" ಅಂದ ಮಂತ್ರಿ, ಗುಂಡಿಯೊಳಗಿಂದ.

ಚೂಪಮ್ಮನಿಗೆ ರೇಗಿಹೋಯಿತು. "ಏನಯ್ಯಾ, ನಿನ್ನ ಗಡ್ಡ ಹೆರೆಯೋದೇ ನನಗೆ ಸಾಕಾಗಿದೆ. ನೆರಳಿನ ಮೀಸೆ ಬೇರೆ ಹೆರೆಯೋಕೆ ನನಗೇನು ಹುಚ್ಚಾ?"

ಆದರೆ ದೊರೆ ತೀರ್ಪು ಕೊಟ್ಟಾಗಿತ್ತು. ಹುಣ್ಣಿಮೆಯೊಳಗೆ ನೆರಳಿಗೆ ಮೀಸೆ ಬರಬೇಕು. ಬರದಿದ್ದರೆ ಚೂಪಮ್ಮನನ್ನು ಕುಲುಮೆಗೆ ಹಾಕಿ, ಕರಗಿಸಿ, ಪಾಯಸ ಬಡಿಸುವ ಸೌಟು ಮಾಡಿಸಬೇಕು.

"ಸೌಟಾ?" ಅಂದಳು ಚೂಪಮ್ಮ. ಅವಳ ಧ್ವನಿ ಮೊದಲ ಸಲ ಮೊಂಡಾಗಿತ್ತು. "ಕೆಂಚಾ, ನನ್ನನ್ನ ಸೌಟು ಮಾಡ್ತಾರಂತೆ ಕಣೋ. ಅದೂ ಸಿಹಿ ಸೌಟು. ಏನನ್ನೂ ಕೊಯ್ಯದೆ ಬದುಕೋದು ಹೇಗೋ?"

ಕೆಂಚಣ್ಣ ಆವತ್ತು ಊಟ ಮಾಡಲಿಲ್ಲ.

ಮರುದಿನ ಎದ್ದವನೇ ಹರಳೆಣ್ಣೆ ತಗೊಂಡು ಗೋಡೆಗೆ ಹೋದ. ಕೂದಲು ಬೆಳೆಯಲು ಹರಳೆಣ್ಣೆ ಒಳ್ಳೆಯದಲ್ಲವೇ? ದೊರೆಯನ್ನು ನಿಲ್ಲಿಸಿ, ನೆರಳಿನ ಮೂಗಿನ ಕೆಳಗೆ ಎಣ್ಣೆ ತಿಕ್ಕಿದ, ನೀರು ಚಿಮುಕಿಸಿದ. ದಿನಾ ತಿಕ್ಕಿದ, ದಿನಾ ಚಿಮುಕಿಸಿದ. ಕೊನೆಗೆ ಗೋಡೆಯ ಮೇಲೆ ಹಸಿರು ಪಾಚಿ ಬಂತು, ದಟ್ಟವಾಗಿ, ಮೆತ್ತಗೆ, ಮೀಸೆಯ ಹಾಗೆಯೇ. ಊರೆಲ್ಲ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಹೊತ್ತು ಏರಿತು. ಸೂರ್ಯ ಮೇಲೆ ಹೋದ ಹಾಗೆ ನೆರಳು ಕೆಳಗೆ ಜಾರಿತು. ಮೀಸೆ ನೆರಳಿನ ಹಣೆಯ ಮೇಲೆ ಹೋಗಿ ಕೂತಿತು. ಇನ್ನೂ ಸ್ವಲ್ಪ ಹೊತ್ತಿಗೆ ಮುಂಡಾಸಿನ ಮೇಲೆ.

ಕೆಂಚಣ್ಣ ಎಡಸಾಲಿಗೆ ಓಡಿದ. ಅಲ್ಲಿ ಚಿತ್ರ ಬರೆಯುವ ಈರಕ್ಕನ ಕಾಲು ಹಿಡಿದ. ಈರಕ್ಕ ಬಂದು ಕಾಡಿಗೆಯಲ್ಲಿ ಮೀಸೆ ಬರೆದಳು. ಏನು ಮೀಸೆ ಅಂತೀರಿ! ಆದರೆ ಅವಳು ಒಂದು ಕಡೆ ಸುಳಿ ಮುಗಿಸಿ ಇನ್ನೊಂದು ಕಡೆಗೆ ಬರುವಷ್ಟರಲ್ಲಿ ನೆರಳು ಜರುಗಿರುತ್ತಿತ್ತು. ಗೋಡೆಯ ತುಂಬ ಅರ್ಧರ್ಧ ಮೀಸೆ.

ಕೆಂಚಣ್ಣ ಬಲಸಾಲಿಗೆ ಓಡಿದ. ಅಲ್ಲಿ ಲೆಕ್ಕದ ಶೇಷಪ್ಪನ ಕಾಲು ಹಿಡಿದ. ಶೇಷಪ್ಪ ನೆರಳು ಯಾವ ಹೊತ್ತಿಗೆ ಎಲ್ಲಿರುತ್ತದೆ ಅಂತ ಕೂದಲೆಳೆಯಷ್ಟೂ ತಪ್ಪದೆ ಹೇಳಿದ. ಆದರೆ 'ಅಲ್ಲೊಂದು ಮೀಸೆ ಬರೀರಿ' ಅಂದರೆ ಎರಡು ಅಡ್ಡಗೆರೆ ಎಳೆದು "ಅಷ್ಟೇ ತಾನೇ?" ಅಂದ.

"ನೀವಿಬ್ಬರೂ ಕೂಡಿ ಮಾಡಿ" ಅಂದ ಕೆಂಚಣ್ಣ.

"ದೂರ ಅಂದವರ ಜೊತೆಯಾ?" ಅಂದಳು ಈರಕ್ಕ. "ತಂಪು ಅಂದವರ ಜೊತೆಯಾ?" ಅಂದ ಶೇಷಪ್ಪ. ಇಬ್ಬರೂ ಎದ್ದು ಹೋದರು.

ಇದು ದೊರೆಯ ಕಿವಿಗೆ ಬಿತ್ತು. ಆಗ ಮಂತ್ರಿ ಗುಂಡಿಯಿಂದ ತಲೆ ಎತ್ತಿ, "ಕಮ್ಮಟ ಮಾಡಿಸೋಣ ಮಹಾಸ್ವಾಮಿ. ಎರಡೂ ಸಾಲಿನವರನ್ನ ಒಂದೇ ಛತ್ರದಲ್ಲಿ ಕೂರಿಸೋಣ. ಕಮ್ಮಟ ಅಂದರೆ ಕೈಯಿಂದ ಮಾಡಿ ಕಲಿಯೋದು. ಯಾರೂ ಭಾಷಣ ಮಾಡೋ ಹಾಗಿಲ್ಲ" ಅಂದ. ದೊರೆ ಒಪ್ಪಿದ. ಡಂಗುರ ಸಾರಿಸಿದರು. ನೋಡಿಕೊಳ್ಳುವ ಹೊಣೆ ಕೆಂಚಣ್ಣನ ಹೆಗಲಿಗೆ ಬಿತ್ತು. ಹುಣ್ಣಿಮೆ ಬಾಗಿಲಿಗೇ ಬಂದಿತ್ತು.

ಮೊದಲ ದಿನ ಎಲ್ಲರೂ ಬಂದರು. ಮಣ್ಣು ಇತ್ತು, ಬಣ್ಣ ಇತ್ತು, ದಾರ, ಕನ್ನಡಿ, ದೀಪ, ತಕ್ಕಡಿ ಎಲ್ಲ ಇತ್ತು. ಒಂದು ಕೈಯೂ ಅಲ್ಲಾಡಲಿಲ್ಲ. ಬಾಯಿಗಳು ಮಾತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಜಗಳಾಡಿದವು. ಛತ್ರದ ಸೂರಿನಲ್ಲಿದ್ದ ಗುಬ್ಬಿಗಳು ಗೂಡು ಖಾಲಿ ಮಾಡಿಕೊಂಡು ಹೋದವು.

ಕೆಂಚಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಆಗ ಚೂಪಮ್ಮ ಹೇಳಿದಳು: "ಕೆಲಸ ಮಾಡಬೇಕಾಗಿರೋದು ಕೈ. ಬಾಯಿಗೇನೋ ಕೆಲಸ ಅಲ್ಲಿ? ಚಪ್ಪಲಿ ಹೊರಗೆ ಬಿಟ್ಟು ಬರ್ತಾರಲ್ಲ, ಬಾಯನ್ನೂ ಅಲ್ಲೇ ಬಿಟ್ಟು ಬರಲಿ."

ಹೌದಲ್ಲ! ಎರಡನೆಯ ದಿನ ಕೆಂಚಣ್ಣ ಛತ್ರದ ಬಾಗಿಲಲ್ಲಿ ಕೂತ. ಬಂದವರ ಮುಖಕ್ಕೆ ನೊರೆ ಹಚ್ಚಿದ. ಚೂಪಮ್ಮನನ್ನು ತುಟಿಯ ಸುತ್ತ ಒಮ್ಮೆ ಆಡಿಸಿದ. ಬಾಯಿ ಹಲಸಿನ ತೊಳೆಯ ಹಾಗೆ ಹಗುರವಾಗಿ ಬಿಟ್ಟು ಬಂತು. ರಕ್ತ ಇಲ್ಲ, ನೋವಿಲ್ಲ. ಅವರವರ ಬಾಯನ್ನು ಅವರವರ ಚಪ್ಪಲಿಯ ಮೇಲೆ ಇಟ್ಟು ಎಲ್ಲರೂ ಒಳಗೆ ಹೋದರು. ಕೆಂಚಣ್ಣ ತನ್ನ ಬಾಯನ್ನು ಬಿಚ್ಚಿಕೊಳ್ಳಲಿಲ್ಲ. ಚೂಪಮ್ಮನ ಜೊತೆ ಮಾತಾಡಬೇಕಲ್ಲ.

ಹೊರಗೆ ಬಾಯಿಗಳು ಸ್ವಲ್ಪ ಹೊತ್ತು ಕಚ್ಚಾಡಿದವು. ಆಮೇಲೆ ಯಾರದೋ ಬಾಯಿ ಎಲೆಅಡಿಕೆ ತೆಗೆಯಿತು. ಆಮೇಲೆ ಜಗಲಿಯ ಮೇಲೆ ಒಳ್ಳೇ ಹರಟೆ ಶುರುವಾಯಿತು. ಮಧ್ಯಾಹ್ನ ಊಟವನ್ನೂ ಅವೇ ಮಾಡಿದವು. ಒಳಗಿದ್ದವರಿಗೆ ಹೊಟ್ಟೆ ತುಂಬಿತು.

ಒಳಗೆ? ಒಳಗೆ ಅಂಥ ನಿಶ್ಶಬ್ದವನ್ನು ಕೆಂಚಣ್ಣ ಎಂದೂ ಕೇಳಿರಲಿಲ್ಲ. ಬಯ್ಯಲು ಬಾಯಿಲ್ಲದ ಮೇಲೆ ಕೈಗೆ ಬೇಸರ ಬಂದು ಏನಾದರೂ ಮಾಡಲೇಬೇಕಾಯಿತು. ತೂಗುವವನೊಬ್ಬ ಅರಿಶಿನದ ನೀರಿಗೆ ಸುಣ್ಣ ಸುರಿದ. ಅದು ಕೆಂಪಗಾಯಿತು. ಅವನು ಬೆರಳು ಅದ್ದಿದ, ಗೋಡೆಗೆ ಒರೆಸಿದ, ತಾನೇ ಒರೆಸಿದ್ದನ್ನು ನೋಡುತ್ತ ನಿಂತುಬಿಟ್ಟ. ರಂಗೋಲಿಯ ಚುಕ್ಕಿಗಳನ್ನು ಎಣಿಸಲು ಹೋದ ಇನ್ನೊಬ್ಬ ಎಣಿಸುತ್ತ ಎಣಿಸುತ್ತ ಒಂದು ಗೆರೆ ಎಳೆದೇಬಿಟ್ಟ. ಗೊಂಬೆ ಮಾಡುವವಳು ತಕ್ಕಡಿಯಲ್ಲಿ ಮಣ್ಣು ತೂಗಿ ಎರಡೂ ಕಾಲು ಸಮ ಮಾಡಿದಳು. ಅವಳ ಗೊಂಬೆ ಮೊದಲ ಸಲ ಬೀಳದೆ ನಿಂತಿತು. ಎಲ್ಲರ ಕಣ್ಣೂ ನಗುತ್ತಿದ್ದವು. ಬೇರೆ ಯಾವುದರಲ್ಲಿ ನಗುತ್ತಾರೆ, ಪಾಪ.

ಈರಕ್ಕ ಜೇಡಿಮಣ್ಣಿನಲ್ಲಿ ದೊರೆಯ ತಲೆ ಮಾಡಿದಳು. ತೆಂಗಿನ ನಾರಿನ ಮೀಸೆ ಅಂಟಿಸಿದಳು. ಶೇಷಪ್ಪ ಅದರ ಹಿಂದೆ ದೀಪ ಇಟ್ಟ, ಮುಂದೆ ಬಿಳಿ ಪಂಚೆ ಕಟ್ಟಿದ. ಪಂಚೆಯ ಮೇಲೆ ನೆರಳು ಬಿತ್ತು. ಮೀಸೆ ಇರಲಿಲ್ಲ. ಈರಕ್ಕನಿಗೆ ಸಿಟ್ಟು ಬಂತು. ತಲೆಯನ್ನು ತಮ್ಮ ಸಾಲಿನ ಕಡೆಗೆ, ಎಡಕ್ಕೆ ತಿರುವಿದಳು. ಶೇಷಪ್ಪನಿಗೂ ಸಿಟ್ಟು ಬಂತು. ಬಲಕ್ಕೆ ತಿರುವಿದ. ಇವಳು ಎಡಕ್ಕೆ, ಅವನು ಬಲಕ್ಕೆ. ಜಗಳ ಈಗ ಕೈಗೆ ಬಂದಿತ್ತು. ಹೀಗೆ ತಿರುವಾಡುವಾಗ ಬಾಗಿಲಲ್ಲಿ ಕೂತಿದ್ದ ಕೆಂಚಣ್ಣನ ಕಣ್ಣು ಪಂಚೆಯ ಮೇಲೆ ಬಿತ್ತು.

ನೆರಳಿಗೆ ಮೂಗು ಬಂದಿತ್ತು. ಮೂಗಿನ ಕೆಳಗೆ ಮೀಸೆ!

"ನಿಲ್ಲಿಸಿ!" ಅಂತ ಕೆಂಚಣ್ಣ ಕಿರುಚಿದ. ಎಲ್ಲರೂ ನೋಡಿದರು. ತಲೆಯ ನೆರಳಿನ ಒಳಗೇ ಮುಳುಗಿದ್ದ ಮೀಸೆ ಪಕ್ಕಕ್ಕೆ ತಿರುಗಿದ ತಕ್ಷಣ ಹೊರಗೆ ಬಂದಿತ್ತು. ಎಲ್ಲರಿಗೂ ಕೂಗಬೇಕು ಅನ್ನಿಸಿತು. ಕೂಗಲು ಬಾಯಿಲ್ಲ. ದೊರೆಗೆ ಮೊದಲು ಹೇಳಬೇಕು ಅಂತ ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದರು. ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ ಚಪ್ಪಲಿಯ ಹತ್ತಿರ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ಲ? ಅದೇ ಆಯಿತು. ಕೈಗೆ ಸಿಕ್ಕ ಬಾಯನ್ನು ಮುಖಕ್ಕೆ ಒತ್ತಿಕೊಂಡು ಅರಮನೆಗೆ ಓಡಿದರು.

ಅರಮನೆಯ ಬಾಗಿಲು ಹಾಕಿತ್ತು. ಸಂಜೆ ದೊರೆ ಮೀಸೆಗೆ ಧೂಪ ಹಾಕಿಸಿಕೊಳ್ಳುವ ಹೊತ್ತು. 'ನಾಳೆ ಹುಣ್ಣಿಮೆ, ನಾಳೆ ಬನ್ನಿ' ಅಂತ ಕಾವಲಿನವರು ಅಟ್ಟಿದರು. ಆಗ ಕೆಂಚಣ್ಣ ಗಮನಿಸಿದ. ಶೇಷಪ್ಪನ ಮುಖದಲ್ಲಿ ಎಲೆಅಡಿಕೆಯಿಂದ ಕೆಂಪಾದ ಈರಕ್ಕನ ಬಾಯಿ ಇತ್ತು. ಈರಕ್ಕನ ಮುಖದಲ್ಲಿ ಶೇಷಪ್ಪನ ಒಣಬಾಯಿ.

ಕೆಂಚಣ್ಣ ಚೂಪಮ್ಮನನ್ನು ಬಾಯಿಯ ಹತ್ತಿರ ಹಿಡಿದ. "ಚೂಪಮ್ಮಾ, ಒಂದು ಮೀಸೆ ಕಾಣದ್ದಕ್ಕೇ ಸೌಟು ಅಂದರು. ಊರಿನ ಬಾಯೆಲ್ಲ ಅದಲುಬದಲಾಗಿದೆ ಅಂತ ಗೊತ್ತಾದರೆ?"

"ಹೋಗು, ಇಸ್ಕೊಂಡು ಬಾ" ಅಂದಳು ಚೂಪಮ್ಮ.

ಕೆಂಚಣ್ಣ ಮೊದಲು ಈರಕ್ಕನ ಮನೆಗೆ ಹೋದ. ಅವಳು ಬಣ್ಣ ಕಲಸುತ್ತ ಕೂತಿದ್ದಳು. "ಅರಿಶಿನ ನಾಲ್ಕು ಪಾಲು, ಸುಣ್ಣ ಒಂದು ಪಾಲು" ಅನ್ನುತ್ತಿತ್ತು ಬಾಯಿ. "ನೋಡು ಕೆಂಚಣ್ಣ, ಇಷ್ಟು ವರ್ಷ ಒಂದು ಸಲ ಬಂದ ಕೆಂಪು ಇನ್ನೊಂದು ಸಲ ಬರ್ತಿರಲಿಲ್ಲ. ಈಗ ಎಷ್ಟು ಸಲ ಕಲಸಿದರೂ ಅದೇ ಕೆಂಪು! ಈ ಬಾಯಿ ನಾನು ಕೊಡಲ್ಲ."

ಅವನು ಶೇಷಪ್ಪನ ಮನೆಗೆ ಹೋದ. ಬಾಗಿಲು ತೆರೆದಿತ್ತು. ಶೇಷಪ್ಪನ ಹೆಂಡತಿ ತುಂಗಕ್ಕ ಒಲೆಯ ಮುಂದೆ ಇದ್ದಳು. ಮದುವೆಯಾದಾಗಿನಿಂದ ಅವಳು ಗಂಡನ ಬಾಯಲ್ಲಿ ಕೇಳಿದ್ದು 'ಅನ್ನ ಅರ್ಧ ಹಿಡಿ ಕಡಿಮೆ', 'ಸಾರು ಕಾಲು ಲೋಟ ಜಾಸ್ತಿ', ಇಷ್ಟೇ. ಇವತ್ತು ಶೇಷಪ್ಪ ಅವಳನ್ನೇ ನೋಡುತ್ತ ಹೇಳಿದ: "ತುಂಗಾ, ಒಲೆಯ ಮುಂದೆ ಕೂತರೆ ನಿನ್ನ ಕೆನ್ನೆಗೆ ಮಾವಿನ ಚಿಗುರಿನ ಬಣ್ಣ ಬರುತ್ತೆ."

ತುಂಗಕ್ಕನ ಕೈಯಿಂದ ಮುಚ್ಚಳ ಬಿತ್ತು. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಏನೂಂದ್ರೆ, ಇನ್ನೊಂದು ಸಲ ಹೇಳಿ" ಅಂದಳು. ಕೆಂಚಣ್ಣ ಬಾಗಿಲಲ್ಲೇ ನಿಂತ. ಕೇಳಬೇಕು ಅಂತ ಬಂದವನಿಗೆ ಕೇಳಲು ಮನಸ್ಸಾಗಲಿಲ್ಲ. ಹಾಗೇ ಹಿಂದಿರುಗಿದ.

ಹುಣ್ಣಿಮೆಯ ಬೆಳಿಗ್ಗೆ ಊರೆಲ್ಲ ಅರಮನೆಯ ಮುಂದೆ ಸೇರಿತು. ಕಮ್ಮಾರ ಅಂಗಳದಲ್ಲಿ ಕುಲುಮೆ ಹೊತ್ತಿಸಿ ತಿದಿ ಒತ್ತುತ್ತಿದ್ದ. ಮಂತ್ರಿ ಚೂಪಮ್ಮನನ್ನು ಕೆಂಚಣ್ಣನ ಕೈಯಿಂದ ಕಿತ್ತು ಕಮ್ಮಾರನ ಇಕ್ಕಳಕ್ಕೆ ಕೊಟ್ಟ. ಚೂಪಮ್ಮ ಏನೂ ಮಾತಾಡಲಿಲ್ಲ. ಅದನ್ನೇ ಕೆಂಚಣ್ಣನಿಗೆ ತಡೆಯಲಾಗಲಿಲ್ಲ.

"ಬುದ್ಧೀ, ನೆರಳಿಗೆ ಮೀಸೆ ಇದೆ! ನೀವು ಒಂದು ಚೂರು ಮುಖ ತಿರುಗಿಸಬೇಕು."

ಸಭೆಯೆಲ್ಲ ದೊರೆಯ ಕಡೆ ತಿರುಗಿತು.

"ಯಾವ ಕಡೆಗೆ?" ಅಂದ ದೊರೆ. "ಎಡಕ್ಕೆ ತಿರುಗಿದರೆ ಬಲದವರು ಊರು ಬಿಡ್ತಾರೆ. ಬಲಕ್ಕೆ ತಿರುಗಿದರೆ ಎಡದವರು. ಮಂತ್ರಿಗಳೇ, ಎರಡೂ ಸಾಲಿನವರನ್ನು ಬೇರೆ ಬೇರೆ ನಿಲ್ಲಿಸಿ ಒಪ್ಪಿಗೆ ಕೇಳಿ."

"ಎಡದವರು ಯಾರು?" ಅಂತ ಮಂತ್ರಿ ಕೂಗಿದ.

"ನಾನು ಎಡದವಳು" ಅಂತು ಶೇಷಪ್ಪನ ಮುಖದಲ್ಲಿದ್ದ ಬಾಯಿ. ಶೇಷಪ್ಪನ ಕಾಲು ಮಾತ್ರ ಬಲಕ್ಕೆ ಹೋಗಿ ನಿಂತಿತು. "ನಾನು ಬಲದವನು" ಅಂತು ಈರಕ್ಕನ ಮುಖದಲ್ಲಿದ್ದ ಬಾಯಿ. ಅವಳ ಕಾಲು ಎಡಕ್ಕೆ. ಬೀದಿಯಲ್ಲಿ ಎಲ್ಲರದ್ದೂ ಇದೇ ಪಾಡು. ಬಾಯಿ ಒಂದು ಕಡೆ, ಕಾಲು ಒಂದು ಕಡೆ. ಮಂತ್ರಿ ವಿಂಗಡಿಸಿ ವಿಂಗಡಿಸಿ ಸುಸ್ತಾಗಿ ಕೊನೆಗೆ ತಾನು ಯಾವ ಕಡೆಯವನು ಅಂತ ಮರೆತು ಅಲ್ಲೇ ಕೂತ.

"ತಿರುಗಿ ಬುದ್ಧೀ" ಅಂದ ಕೆಂಚಣ್ಣ. "ಯಾವ ಕಡೆ ತಿರುಗಿದರೂ ಎಲ್ಲರ ಅರ್ಧಕ್ಕೂ ಮುಖ ತೋರಿಸಿದ ಹಾಗೇ."

ದೊರೆ ಉಸಿರು ಬಿಗಿಹಿಡಿದು ಕತ್ತನ್ನು ಬಲಕ್ಕೆ ತಿರುಗಿಸಿದ. ಆ ವಂಶದಲ್ಲಿ ಯಾರೂ ಬಳಸದ ಕತ್ತು, ಕಿರ್‍ರೆಂದಿತು. ಕಡೆಗಣ್ಣಿನಲ್ಲಿ ಗೋಡೆಯನ್ನು ನೋಡಿದ. ನೆರಳಿಗೆ ಮೀಸೆ! ಜನ ಹೋ ಅಂದರು.

ಆದರೆ ದೊರೆಯ ಮುಖ ಸಣ್ಣಗಾಯಿತು. "ಇದು ಒಂದೇ ಕಡೆ ಮೀಸೆ. ಇನ್ನೊಂದು ಕಡೆಯದ್ದು? ಅರ್ಧ ರಾಜ್ಯ ಇನ್ನೂ ಸೋತ ಹಾಗೇ ಅಲ್ಲವೇ? ಅರ್ಧ ಮೀಸೆಗೆ ಅರ್ಧ ಶಿಕ್ಷೆ. ಕಮ್ಮಾರ, ಕತ್ತಿಯನ್ನು ಅರ್ಧ ಕರಗಿಸು."

ಇಕ್ಕಳ ಬೆಂಕಿಯ ಕಡೆಗೆ ಬಾಗಿತು. "ಯಾವ ಅರ್ಧ?" ಅಂತ ಕಮ್ಮಾರ ಕೇಳಿದ. "ಕೆಂಚಾ, ಹಿಡಿ ಹೋದರೂ ಪರವಾಗಿಲ್ಲ, ಅಲಗು ಉಳಿಸೋ" ಅಂತು ಚೂಪಮ್ಮನ ಸಣ್ಣ ಧ್ವನಿ. ಕೆಂಚಣ್ಣ ದೊರೆಯ ಹತ್ತಿರಕ್ಕೆ ಓಡಿದ.

"ಇನ್ನೊಂದು ಕಡೆ ಆ ಕಡೆ ಇದೆ ಬುದ್ಧೀ! ಎಡಕ್ಕೆ ತಿರುಗಿ! ಬೇಗ!"

ದೊರೆ ಎಡಕ್ಕೆ ತಿರುಗಿದ. ಆ ಕಡೆ ಮೀಸೆ ಬಂತು, ಈ ಕಡೆಯದ್ದು ಹೋಯಿತು. ಬಲಕ್ಕೆ ತಿರುಗಿದ. ಈ ಕಡೆಯದ್ದು ಬಂತು, ಆ ಕಡೆಯದ್ದು ಹೋಯಿತು. "ಇನ್ನೂ ಬೇಗ ಬುದ್ಧೀ!" ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಬೇಗ ಬೇಗ ತಿರುಗಿದ ಹಾಗೆ ಗೋಡೆಯ ಮೇಲೆ ಎರಡು ಮೀಸೆಯೂ ಒಟ್ಟಿಗೆ ನಿಂತವು. ಎಷ್ಟು ದೊಡ್ಡ ಮೀಸೆ! ಮುಖಕ್ಕಿಂತ ದೊಡ್ಡ ಮೀಸೆ! ದೊರೆ ಹಿಗ್ಗಿ ಹೀರೇಕಾಯಾದ. ಕತ್ತು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅರ್ಧ ರಾಜ್ಯ ಹೋಗುತ್ತದಲ್ಲ.

ಕೆಂಚಣ್ಣ ಆ ಕತ್ತನ್ನೇ ನೋಡಿದ. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಅವನಿಗೆ ತಟ್ಟನೆ ಏನೋ ಹೊಳೆಯಿತು. ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಕೇಳಿದ:

"ಬುದ್ಧೀ, ನಮ್ಮ ಚೂಪಮ್ಮನನ್ನ ಕರಗಿಸಬೇಕಾ?"

ದೊರೆಯ ತಲೆ ಎಡಕ್ಕೆ ಹೋಯಿತು. ಬಲಕ್ಕೆ ಹೋಯಿತು.

"ಬೇಡವಂತೆ" ಅಂದ ಕಮ್ಮಾರ. ದೊರೆಯ ತಲೆಯೇ ಹೇಳಿದ ಮೇಲೆ ಅಪ್ಪಣೆ ಅಪ್ಪಣೆಯೇ. ಅವನು ಇಕ್ಕಳ ಸಡಿಲಿಸಿದ.

ಹಿಂದಿನಿಂದ ತುಂಗಕ್ಕ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ಮಹಾಸ್ವಾಮಿ, ಯಾರ್‍ಯಾರ ಬಾಯಿ ಅವರವರಿಗೆ ವಾಪಸ್ಸು ಕೊಡಬೇಕಾ?"

ಎಡಕ್ಕೆ, ಬಲಕ್ಕೆ.

"ಈ ವರ್ಷ ಕಂದಾಯ ಕಟ್ಟಬೇಕಾ?" ಅಂತ ಇನ್ಯಾರೋ ಕೂಗಿದರು. ಮಂತ್ರಿ ದೊರೆಯ ತಲೆ ಹಿಡಿಯಲು ಓಡಿದ. ಅಷ್ಟರಲ್ಲಿ ಉತ್ತರ ಬಂದಾಗಿತ್ತು.

ಕೆಂಚಣ್ಣ ಚೂಪಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅವಳು ಇನ್ನೂ ಬಿಸಿಯಾಗಿದ್ದಳು. ಅವನಿಗೆ ಅಳು ಬಂತು. ಊರಿನ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತ. ಕಣ್ಣೀರು ಅಲಗಿನ ಮೇಲೆ ಬಿದ್ದು ಚುಂಯ್ ಅಂದಿತು.

"ಅಳಬೇಡ ಕಣೋ" ಅಂದಳು ಚೂಪಮ್ಮ. "ತುಕ್ಕು ಹಿಡಿಯುತ್ತೆ."

ಇದರ ನೀತಿ ಏನು ಅಂತ ಕೇಳುತ್ತೀರಿ. ದೊಡ್ಡವರು ತಲೆ ಅಲ್ಲಾಡಿಸುವಾಗ ಸರಿಯಾದ ಪ್ರಶ್ನೆ ಕೇಳಬೇಕು, ಇದೇ ನೀತಿ. ಬೇರೆ ನೀತಿ ಬೇಕಾದವರು ಬೇರೆ ಕತೆ ನೋಡಿಕೊಳ್ಳಿ.

ಕತೆ ಅಟ್ಟಕ್ಕೆ, ನಾನು ಊಟಕ್ಕೆ.